ಇವರು ಫಿಟ್ ಆಗಲು ಹೊರಟ ಮಳೆಗಾಲ

ಮೊನ್ನೆ ಕೆಮ್ಮಣ್ಣು ಎಂಬ ಊರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗುವಿಗೆ ಶೀತ. ಪಾತ್ರೆಯಲ್ಲಿ ನೀರು ಕುದಿಸಿ, ಒಂದೆರಡು ಹನಿ ನೀಲಗಿರಿ ಎಣ್ಣೆ ಬಿಟ್ಟು ತಂದು ನಡುಮನೆಯಲ್ಲಿಟ್ಟಳು. ಆ ಆವಿ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ತಂಗಿ ಏನೋ ಕೇಳಿದಳು. ನಾನು ಕೈಸನ್ನೆಯಲ್ಲಿ ಉತ್ತರ ಕೊಟ್ಟೆ.

"ಎಂತ ಅಕ್ಕ, ನಿನ್ನ ಆ ಮೌನವ್ರತ ಇನ್ನೂ ಮುಗಿಯಲಿಲ್ಲವಾ?" ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ನಮ್ಮ ಮನೆ ತುಂಬ ಇದೇ ವಾಸನೆ. ಇದೇ ವಾಸನೆಯ ನಡುವೆ ನಾನು ಬಾಯಿ ಮುಚ್ಚಿ ಕುಳಿತು, ಹೇಳಲಾಗದ ಮಾತುಗಳನ್ನೆಲ್ಲ ನುಂಗಿ ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಅದಕ್ಕೆ ಕಾರಣ ನನ್ನ ಗಂಡ. ಅವರ ಕಿವಿ ಎಂದರೆ ಇನ್ನೂ ಸರಿ.

ನನ್ನ ಗಂಡ ದಿವಾಕರ ಸೇನೆಯಲ್ಲಿ ತೋಪಿನ ದಳದಲ್ಲಿದ್ದವರು, ಹವಾಲ್ದಾರ್ ಆಗಿ ನಿವೃತ್ತರಾದವರು. ಹತ್ತಾರು ವರ್ಷ ಗುಂಡು ಸಿಡಿಸುವ ತೋಪುಗಳ ಪಕ್ಕದಲ್ಲಿ ನಿಂತು ಎಡಕಿವಿ ಪೂರ್ತಿ ಹೋಗಿತ್ತು. ಬಲಕಿವಿ "ಫಸ್ಟ್ ಕ್ಲಾಸ್ ಉಂಟು" ಎಂದು ಅವರಿಗೆ ಅವರೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದರು. ಸೇನೆಯ ವೈದ್ಯರು ಪರೀಕ್ಷೆ ಮಾಡಿ, ಈ ಕಿವಿ ಸೇವೆಯಲ್ಲೇ ಹೋದದ್ದು ಎಂದು ಒಪ್ಪಿ, ನಿವೃತ್ತಿಯ ಪಿಂಚಣಿಯ ಜೊತೆಗೆ ಅಂಗವೈಕಲ್ಯದ ಪಿಂಚಣಿಯನ್ನೂ ಜೀವನಪರ್ಯಂತ ಮಂಜೂರು ಮಾಡಿ ಮನೆಗೆ ಕಳುಹಿಸಿದ್ದರು. ಊರಿಗೆ ಬಂದವರು ಕಾಪುವಿನಲ್ಲಿ ದೀಪಸ್ತಂಭದ ಕಡೆ ಹೋಗುವ ರಸ್ತೆಯಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದರು, ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಕೆಲಸ ಹಿಡಿದರು. ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳ ಕರಡು ತಿದ್ದುವವಳು. ಇಡೀ ದಿನ ಪರರ ತಪ್ಪು ತಿದ್ದಿ ಮನೆಗೆ ಬಂದರೆ ಇಲ್ಲಿ ಇವರು.

ಕಿವಿ ಕೇಳದವರ ಜೊತೆ ಸಂಸಾರ ಮಾಡಿದವರಿಗೇ ಗೊತ್ತು. ಒಂದೊಂದು ಮಾತನ್ನೂ ಎರಡು ಮೂರು ಸಲ, ಸಲದಿಂದ ಸಲಕ್ಕೆ ಸ್ವರ ಏರಿಸಿ ಹೇಳಬೇಕು. ಮೂರನೆಯ ಸಲ ಹೇಳುವಾಗ ಯಾವ ಮಾತೂ ಬೈಗುಳದ ಹಾಗೆಯೇ ಕೇಳುತ್ತದೆ. "ಅನ್ನ ಬಡಿಸಲಾ?" ಎಂಬುದನ್ನೂ ಜಗಳದ ಧಾಟಿಯಲ್ಲೇ ಕೇಳಬೇಕು. ನಮ್ಮ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಬೇಲಿಯಾಚೆ ಮನೆಯ ಲಿಲ್ಲಿ ಬಾಯಿ ಬೆಳಿಗ್ಗೆ ಬಟ್ಟೆ ಒಣಗಿಸುತ್ತಾ, "ನಿನ್ನೆ ಬಂಗುಡೆಗೆ ಉಪ್ಪು ಜಾಸ್ತಿಯಾಯಿತಂತಲ್ಲ?" ಎಂದು ನನ್ನನ್ನೇ ಕೇಳುತ್ತಿದ್ದರು.

ಆ ವರ್ಷದ ಮೇ ಕೊನೆಗೆ ವಾಸಣ್ಣ ಬಂದರು. ಅಲ್ಲಿಂದ ಶುರು.

ವಾಸಣ್ಣ ಕಾರ್ಕಳದವರು, ಇವರ ಜೊತೆಗೇ ಸೇನೆಗೆ ಸೇರಿದವರು. ಇವರಿಗಿಂತ ಮೊದಲೇ ಬಿಟ್ಟು ಬಂದು ಕಾರ್ಕಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದರು. ಆಮೇಲೆ ಪ್ರಾದೇಶಿಕ ಸೇನೆಗೆ, ಎಲ್ಲರೂ ಟಿ.ಎ. ಎನ್ನುತ್ತಾರಲ್ಲ ಅದಕ್ಕೆ, ಸೇರಿದ್ದರು. ಅದು ಅರೆಕಾಲಿಕ ಸೇವೆ. ವರ್ಷದಲ್ಲಿ ಒಂದೆರಡು ತಿಂಗಳು ಸಮವಸ್ತ್ರ ಹಾಕಿ ಕ್ಯಾಂಪಿಗೆ ಹೋಗುವುದು, ಉಳಿದ ದಿನ ತಮ್ಮ ತಮ್ಮ ಕೆಲಸ. ಅಗತ್ಯ ಬಿದ್ದರೆ ಕರೆ ಬರುತ್ತದೆ. ಆ ಸಲ ಕ್ಯಾಂಪ್ ಮುಗಿಸಿದವರು ಮನೆಗೂ ಹೋಗದೆ ನೇರ ನಮ್ಮಲ್ಲಿ ಇಳಿದಿದ್ದರು. ಸೊಂಟದ ಬೆಲ್ಟಿನ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು.

"ನೀನೂ ಬಾ ದಿವಾಕರ," ಎಂದರು ವಾಸಣ್ಣ. ಇವರ ಬಲಕಿವಿಯ ಕಡೆಗೇ ಕುಳಿತಿದ್ದರು, ಪಾಪ. "ಭರ್ತಿ ಉಂಟು, ಮಳೆ ಮುಗಿಯುವಾಗ. ನಲವತ್ತೆರಡು ದಾಟಿದರೆ ಮತ್ತೆ ತೆಗೆದುಕೊಳ್ಳುವುದಿಲ್ಲ. ನಿನಗೆ ಇದು ಕೊನೆಯ ಅವಕಾಶ."

ದಿನಾ ಐಸ್ ಪ್ಲಾಂಟಿನಿಂದ ಬಂದು ಒದ್ದೆ ಗೋಣಿಯ ಹಾಗೆ ಕುರ್ಚಿಯಲ್ಲಿ ಬೀಳುತ್ತಿದ್ದ ಮನುಷ್ಯ ಅಂದು ನೆಟ್ಟಗೆ ಕುಳಿತಿದ್ದರು. ನನಗೆ ಆಗಲೇ ತಿಳಿಯಿತು, ಇನ್ನು ನನಗೆ ನೆಮ್ಮದಿ ಇಲ್ಲ ಎಂದು.

ಜೂನ್ ಬಂತು. ಬೋಟುಗಳು ಸಮುದ್ರಕ್ಕೆ ಇಳಿಯದ ಎರಡು ತಿಂಗಳು. ಮಲ್ಪೆಯಲ್ಲಿ ಐಸಿಗೆ ಕೇಳುವವರಿಲ್ಲ. ಪ್ಲಾಂಟಿನಲ್ಲಿ ಅರ್ಧ ದಿನದ ಕೆಲಸ, ಉಳಿದರ್ಧ ದಿನ ಇವರು ಫಿಟ್ ಆಗುವ ಕೆಲಸ. ಕಾಪುವಿನ ಮರಳ ಮೇಲೆ ಓಡಿದರು. ಸಮುದ್ರ ಉಕ್ಕಿ ಮರಳೇ ಕಾಣದ ಹಾಗಾದಾಗ, ಶಿರ್ವ ದಾರಿಯ ಮೊದಲ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ ವಾಸಣ್ಣನ ಮನೆಯ ಹತ್ತಿರದ ಮೈದಾನದಲ್ಲಿ ಓಡಿದರು. ಮಳೆಯಲ್ಲಿ ಓಡಿ, ಕೆಸರು ಮೆತ್ತಿಕೊಂಡು ಬಂದು, ಆ ಬಟ್ಟೆಯನ್ನು ಬಚ್ಚಲಲ್ಲಿ ಹಾಕಿ, "ಇವತ್ತು ಉಸಿರು ಬಿಡಲೇ ಇಲ್ಲ ಮಾರಾಯ್ತಿ, ಇಪ್ಪತ್ತರ ಹುಡುಗನ ಹಾಗೆ ಓಡಿದೆ!" ಎನ್ನುತ್ತಿದ್ದರು. ಒಣಗದ ಬಟ್ಟೆಯ ಮುಗ್ಗು ವಾಸನೆಗೆ ನಾನೂ ಉಸಿರು ಬಿಡುತ್ತಿರಲಿಲ್ಲ. ಕರಿದ ಮೀನು ಬಿಟ್ಟರು. ಅನ್ನ ಬಿಟ್ಟು ಚಪಾತಿ ಎಂದರು. ಲಟ್ಟಿಸುವವಳು ಯಾರು? ಮಣಿಪಾಲದ ಬಸ್ಸಿಗೆ ಓಡಬೇಕಾದ ನಾನೇ.

ಇವರ ಕಾಲು ಗಟ್ಟಿ ಇತ್ತು, ಶ್ವಾಸಕೋಶ ಗಟ್ಟಿ ಇತ್ತು, ಹಟವಂತೂ ಕೇಳುವುದೇ ಬೇಡ. ಆದರೆ ಕಿವಿ? ಅದರ ಮಾತೇ ಇಲ್ಲ. ಮತ್ತೆ ಆ ಕಿವಿಯ ಮೇಲೆ ಬರುವ ಪಿಂಚಣಿ? ಟಿ.ಎ.ಗೆ ಸೇರಿದರೆ ಅದು ಏನಾಗುತ್ತದೆ ಎಂಬುದಕ್ಕೆ ಕಾಪುವಿನಿಂದ ಕಾರ್ಕಳದವರೆಗೆ ಒಬ್ಬೊಬ್ಬರದು ಒಂದೊಂದು ಕಾನೂನು. ಮನೆಯ ಸಾಲದ ಕಂತು ಹೋಗುತ್ತಿದ್ದದ್ದು ಅದರಿಂದಲೇ. ಹಾಗಾಗಿ ನಾನೇ ಇವರನ್ನು ಎಳೆದುಕೊಂಡು ಉಡುಪಿಗೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ, ಮಾಜಿ ಸೈನಿಕರು ಸೇರುವ ಒಂದು ಕೋಣೆ ಉಂಟು. ಹಿರಿಯ ಸುಬೇದಾರರೊಬ್ಬರು ಅಲ್ಲಿ ಕುಳಿತು ಬಂದವರಿಗೆ ಸಲಹೆ ಕೊಡುತ್ತಾರೆ. ಒಳ್ಳೆಯ ಮನುಷ್ಯ.

"ನೋಡಿ ಅಮ್ಮ," ಎಂದರು ಅವರು, "ಟಿ.ಎ.ಗೆ ಹೋಗಬೇಕಾದರೆ ಡಾಕ್ಟರು ಫಿಟ್ ಅಂತ ಹೇಳಬೇಕು. ಇವರಿಗೆ ಪಿಂಚಣಿ ಬರುವುದು ಫಿಟ್ ಅಲ್ಲ ಅಂತ."

"ಹಾಗಾದರೆ ಆಗುವುದಿಲ್ಲವಾ?"

"ಆಗುವುದಿಲ್ಲ ಅಂತ ನಾನು ಹೇಗೆ ಹೇಳುವುದು? ಪರೀಕ್ಷೆ ಮಾಡದೆ ಯಾರೂ ಹೇಳುವ ಹಾಗಿಲ್ಲ."

"ಪರೀಕ್ಷೆಯಲ್ಲಿ ಫಿಟ್ ಅಂತ ಬಂದರೆ ಈ ಪಿಂಚಣಿ?"

"ಅದು ನಿಲ್ತದೆ ಅಂತ ಕೆಲವರು ಹೇಳ್ತಾರೆ. ಕ್ಯಾಂಪಿನ ದಿನಗಳಿಗೆ ಮಾತ್ರ ನಿಲ್ತದೆ ಅಂತ ಕೆಲವರು. ಎಂತದೂ ಆಗುವುದಿಲ್ಲ, ಎರಡೂ ಸಿಗ್ತದೆ ಅಂತ ಮತ್ತೆ ಕೆಲವರು."

"ನೀವು ಎಂತ ಹೇಳ್ತೀರಿ?"

"ನಾನಾ?" ಎಂದು ಅವರು ಕಿಟಕಿಯ ಕಡೆ ನೋಡಿದರು. "ನಾನು ಚಾ ತರಿಸ್ತೇನೆ."

ಚಾ ಕುಡಿದು ಇಳಿದೆವು. ಬಸ್ ಸ್ಟ್ಯಾಂಡಿನಲ್ಲಿ ಕಾಪು, ಪಡುಬಿದ್ರಿ, ಮಂಗಳೂರು ಎಂದು ಕಂಡಕ್ಟರುಗಳು ಕೂಗುತ್ತಿದ್ದ ಗದ್ದಲದ ನಡುವೆ ಇವರು ನಿಂತುಬಿಟ್ಟರು.

"ನಾನು ಆ ಪಿಂಚಣಿ ಬಿಟ್ಟುಕೊಡ್ತೇನೆ," ಎಂದರು.

"ಎಂತ?" ಎಂದೆ. ಆ ದಿನ ಕಿವಿ ಕೇಳದವಳು ನಾನಾದೆ.

"ಅದು ಬೇಡ ಅಂತ ಹೇಳಿದರೆ, ಅವರು ಫಿಟ್ ಅಂತ ಬರೆಯಬಹುದಲ್ವಾ? ತಿಂಗಳು ತಿಂಗಳು ಅದು ಬರುವಾಗ ನನಗೆ ಹೇಗಾಗ್ತದೆ ಗೊತ್ತುಂಟಾ ನಿನಗೆ? ನೀನು ಹಾಳಾದವನು, ನೀನು ಹಾಳಾದವನು ಅಂತ ಯಾರೋ ಬಂದು ಹೇಳಿ ಹೋದ ಹಾಗೆ."

ಒಂದು ಕ್ಷಣ ನನ್ನ ಎದೆ ಕರಗಿತು ಎಂದು ಬರೆದರೆ ಚೆಂದ. ನನಗೆ ಬಂದದ್ದು ಸಿಟ್ಟು. "ಕಿವಿ ಹೋದದ್ದು ನಿಮಗೆ ಒಬ್ಬರಿಗಾ?" ಎಂದು ಕೂಗಿದೆ. "ಇಷ್ಟು ವರ್ಷದಿಂದ ಬೊಬ್ಬೆ ಹೊಡೆದು ಸಾಯ್ತಾ ಇರುವುದು ಯಾರು? ಆ ಪಿಂಚಣಿಯಲ್ಲಿ ಅರ್ಧ ನನ್ನ ಗಂಟಲಿಗೆ ಬರಬೇಕಾದದ್ದು!" ಕಂಡಕ್ಟರುಗಳು ಕೂಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳನ್ನು ಸುಮ್ಮನಾಗಿಸಿದವಳು ನಾನೊಬ್ಬಳೇ ಇರಬೇಕು.

ಆದರೂ, ಹಟಕ್ಕೆ ಬಿದ್ದ ಗಂಡನಿಗೆ ಸಹಾಯ ಮಾಡದೆ ಇರಲೂ ಆಗಲಿಲ್ಲ. ಭರ್ತಿಯ ವೈದ್ಯರು ಅಭ್ಯರ್ಥಿಯನ್ನು ಬೆನ್ನು ಹಾಕಿ ನಿಲ್ಲಿಸಿ ದೂರದಿಂದ ಪಿಸುಮಾತಿನಲ್ಲಿ ಪದಗಳನ್ನು ಹೇಳುತ್ತಾರಂತೆ. ಅದರ ಅಭ್ಯಾಸ ಮಾಡಿಸು ಎಂದು ಇವರು ನನ್ನನ್ನು ಕೇಳಿದರು. ಇವರು ನಡುಮನೆಯ ಆ ತುದಿಯಲ್ಲಿ ಬೆನ್ನು ಹಾಕಿ ನಿಂತರು. ನಾನು ಈ ತುದಿಯಿಂದ ಪಿಸುಗುಟ್ಟಿದೆ. "ಬಸಳೆ."

"ಬಸಳೆ," ಎಂದರು.

"ಕೊಡಪಾನ."

"ಕೊಡಪಾನ."

ನನಗೆ ಆಶ್ಚರ್ಯ. ಹಾಗಾದರೆ ಇಷ್ಟು ವರ್ಷ ನಾನು ಕೂಗಿದ್ದೆಲ್ಲ ಸುಮ್ಮನೆಯಾ? ಆಗ ಒಂಬತ್ತನೇ ತರಗತಿಯಲ್ಲಿದ್ದ ಮಗಳು ಮೇಘಾ ಸೋಫಾದಿಂದ ತಲೆ ಎತ್ತಿ, "ಅಮ್ಮ, ಅಪ್ಪ ಶೋಕೇಸಿನ ಗಾಜಿನಲ್ಲಿ ನಿನ್ನ ಬಾಯಿ ನೋಡ್ತಾ ಇದ್ದಾರೆ," ಎಂದಳು. ಹೌದು. ತುಟಿಯ ಚಲನೆ ಓದುತ್ತಿದ್ದರು. ಅವರನ್ನು ಬರೀ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಮತ್ತೆ ಹೇಳಿದೆ. ಉತ್ತರವಿಲ್ಲ. ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಉತ್ತರವಿಲ್ಲ. ಬೆನ್ನು ಮಾತ್ರ ನೆಟ್ಟಗೆ, ಕೈಗಳು ಮುಷ್ಟಿಯಲ್ಲಿ, ಕೇಳಿಸಿಕೊಳ್ಳಲು ಇಡೀ ಮೈಯನ್ನು ಬಿಗಿಹಿಡಿದಿದ್ದರು.

ಕೊನೆಗೆ ತಿರುಗಿ, "ಮಳೆ ಜೋರುಂಟಲ್ಲ, ಅದಕ್ಕೆ," ಎಂದರು.

ಮಳೆ ನಿಂತು ಎಷ್ಟೋ ಹೊತ್ತಾಗಿತ್ತು.

ಆದರೂ ದಿನಾ ಅದೇ ಅಭ್ಯಾಸ. ಪಿಸುಗುಟ್ಟಿ, ಆಮೇಲೆ ಅದೇ ಪದವನ್ನು ಕೂಗಿ ಹೇಳಿ ತಿದ್ದಿ, ಜುಲೈ ನಡುವಿನ ಹೊತ್ತಿಗೆ ನನ್ನ ಸ್ವರ ಹರಿದ ಡೋಲಿನ ಹಾಗಾಯಿತು. ಶೀತ ಇರಬೇಕು ಎಂದುಕೊಂಡೆ. ಕಿವಿಯ ಸ್ಥಿತಿ ಎಷ್ಟು ಎಂದು ಒಂದು ಸಲ ಖಚಿತವಾಗಲಿ ಎಂದು ಇವರನ್ನು ಮಣಿಪಾಲದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ. ಚಿಕ್ಕ ಪ್ರಾಯದ ಹೆಂಗಸು. ಇವರನ್ನು ಗಾಜಿನ ಗೂಡಿನೊಳಗೆ ಕೂರಿಸಿ ಪರೀಕ್ಷೆ ಮಾಡಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದರು. ನಾನು ಇವರ ಕತೆಯನ್ನೆಲ್ಲ ಹೇಳುತ್ತಾ ಹೋದೆ. ಅವರು ಕೇಳಿಸಿಕೊಂಡರು, ಆದರೆ ಕತೆಯನ್ನಲ್ಲ.

"ನಿಮ್ಮ ಸ್ವರ ಯಾವಾಗಿನಿಂದ ಹೀಗೆ?"

"ನಾನು ಬಂದದ್ದು ಇವರ ಕಿವಿಗೆ, ಡಾಕ್ಟ್ರೆ."

"ಗೊತ್ತುಂಟು. ಅವರು ಸ್ವಲ್ಪ ಹೊರಗೆ ಕೂತುಕೊಳ್ಳಲಿ. ನೀವು ಬಾಯಿ ತೆರೆಯಿರಿ."

ನನ್ನ ಗಂಟಲಿನೊಳಗೆ ಸಣ್ಣ ಕ್ಯಾಮರಾ ಇಳಿಸಿ ನೋಡಿದರು. ಧ್ವನಿ ಹೊರಡುವ ಜಾಗದಲ್ಲಿ ಎರಡು ಗಂಟು. ದಿನಾ ಹಾರೆ ಹಿಡಿದವರ ಅಂಗೈಯಲ್ಲಿ ಚರ್ಮ ದಪ್ಪಗಟ್ಟುವುದಿಲ್ಲವೇ, ಹಾಗೆಯೇ ಕೂಗಿ ಕೂಗಿ ಆದದ್ದು ಎಂದರು. ಮುಂದಿನ ಸಲ ನೋಡುವವರೆಗೆ ಒಂದು ಮಾತೂ ಆಡಬಾರದು. "ಪಿಸುಗುಟ್ಟುವುದೂ ಬೇಡ. ಅದು ಕೂಗುವುದಕ್ಕಿಂತ ಕೆಟ್ಟದ್ದು."

ಇವರನ್ನು ಒಳಗೆ ಕರೆದು ಇವರ ಫಲಿತಾಂಶವನ್ನೂ ಹೇಳಿದರು. ಎಡಕಿವಿ ಇಲ್ಲವೇ ಇಲ್ಲ. ಫಸ್ಟ್ ಕ್ಲಾಸ್ ಬಲಕಿವಿಯೂ ಅರ್ಧ ಹೋಗಿತ್ತು. ಮೆಷಿನ್ ಹಾಕಲೇಬೇಕು.

"ಮೆಷಿನ್ ಆಗುವುದಿಲ್ಲ ಡಾಕ್ಟ್ರೆ," ಎಂದರು ಇವರು. "ಮೆಷಿನ್ ಹಾಕಿದರೆ ನನ್ನನ್ನು ತೆಗೆದುಕೊಳ್ಳುವುದಿಲ್ಲ."

"ಹಾಕದಿದ್ದರೆ ತೆಗೆದುಕೊಳ್ತಾರಾ?" ಎಂದು ಡಾಕ್ಟರು ಪರದೆಯ ಕಡೆ ತಿರುಗಿಕೊಂಡೇ ಕೇಳಿದರು.

ಇವರಿಗೆ ಅದು ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು, "ಕೊನೆಗೆ ಅವರು ಎಂತ ಹೇಳಿದ್ದು?" ಎಂದು ಕೇಳಿದರು. ನಾನು ನನ್ನ ಗಂಟಲು ತೋರಿಸಿ ಸುಮ್ಮನೆ ನಡೆದೆ. ಹೇಳಲು ಎಷ್ಟೊಂದು ಇತ್ತು, ಆದರೆ ಬಾಯಿಗೆ ಬೀಗ. ನನ್ನ ಜನ್ಮದಲ್ಲಿ ಅಷ್ಟು ಅನ್ಯಾಯ ಎಂದೂ ಅನಿಸಿರಲಿಲ್ಲ.

ಆಮೇಲೆ ನಮ್ಮ ಮನೆ ಹೇಗಿತ್ತು ಎಂದರೆ, ಒಬ್ಬರಿಗೆ ಕೇಳುವುದಿಲ್ಲ, ಇನ್ನೊಬ್ಬಳು ಮಾತಾಡುವುದಿಲ್ಲ. ಡಾಕ್ಟರು ಹಬೆ ತೆಗೆದುಕೊಳ್ಳಲು ಹೇಳಿದ್ದರು. ಲಿಲ್ಲಿ ಬಾಯಿ ಅದಕ್ಕೆ ತಮ್ಮ ಕಡೆಯಿಂದ ನೀಲಗಿರಿ ಎಣ್ಣೆ ಸೇರಿಸಿದರು. ಮುದ್ರಣಾಲಯದಲ್ಲಿ ತೊಂದರೆಯಾಗಲಿಲ್ಲ. ಕರಡು ತಿದ್ದುವವಳಿಗೆ ಸ್ವರ ಯಾಕೆ? ಮನೆಯಲ್ಲಿ ಹಳೆಯ ಕರಡು ಹಾಳೆಗಳ ಹಿಂಬದಿಯಲ್ಲಿ ಬರೆದು ತೋರಿಸಬೇಕಿತ್ತು. ಬೈಗುಳವನ್ನು ಬರೆದರೆ ಅದು ಬೈಗುಳವಾಗುವುದಿಲ್ಲ ಎಂದು ಆಗ ತಿಳಿಯಿತು. ಬರೆಯುವಷ್ಟರಲ್ಲಿ ಕಾಗುಣಿತ ಸರಿಯುಂಟೋ ಎಂದು ನೋಡುವ ಚಟ ನನಗೆ. ತಿದ್ದಿ ಮುಗಿಸಿ ಎತ್ತಿ ತೋರಿಸುವಾಗ ಇವರು ಎದ್ದು ಓಡಲು ಹೋಗಿರುತ್ತಿದ್ದರು. ಮೇಘಾ ದುಭಾಷಿಯಾದಳು. "ಅಪ್ಪ, ತೆಂಗಿನಕಾಯಿ ಸುಲಿದು ಕೊಡಬೇಕಂತೆ. ಮತ್ತೆ, ನನ್ನನ್ನು ಟ್ಯೂಷನ್‌ಗೆ ಸ್ಕೂಟರಿನಲ್ಲಿ ಬಿಡಬೇಕಂತೆ." ಎರಡನೆಯದು ನಾನು ಬರೆದದ್ದಲ್ಲ.

ನಾನು ಸುಮ್ಮನಾದ ಮೇಲೆ ಇವರಿಗೆ ಕಷ್ಟ ಶುರುವಾಯಿತು. ಫೋನು ತೆಗೆದು ಮಾತಾಡುತ್ತಿದ್ದವಳು, ಮೀನಿನ ಹೆಂಗಸಿನ ಜೊತೆ ಚೌಕಾಸಿ ಮಾಡುತ್ತಿದ್ದವಳು ನಾನು. ಹೊರಗಿನವರ ಮಾತನ್ನು ಎತ್ತರದ ಸ್ವರದಲ್ಲಿ ಇವರಿಗೆ ದಾಟಿಸುತ್ತಿದ್ದವಳೂ ನಾನೇ. ಈಗ ಗೇಟಿನ ಬಳಿ ಬಂದವರು ಕರೆದು ಕರೆದು ಹೋಗುತ್ತಿದ್ದರು. ಗ್ಯಾಸಿನವನು ಸಿಲಿಂಡರ್ ಕೊಡದೆ ಹೋದ. ಇವರು ಮಾತ್ರ "ಯಾರೂ ಬರಲಿಲ್ಲ" ಎನ್ನುತ್ತಿದ್ದರು. ನಾನು ಹಣೆ ಹಣೆ ಚಚ್ಚಿಕೊಂಡೆ. ಅದಕ್ಕೆ ಸ್ವರ ಬೇಕಾಗುವುದಿಲ್ಲ.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ. ಮೇಘಾ ಟ್ಯೂಷನ್‌ಗೆ ಹೋಗಿದ್ದಳು. ಮಳೆ ಸುರಿಯುತ್ತಿತ್ತು. ಮನೆಯ ಹಿಂದಿನ ಬಾವಿಯ ಬಳಿ ಬಾಲ್ದಿ ಬಿಟ್ಟು ಬಂದಿದ್ದೆ, ತರಲು ಹೋದೆ. ಕಲ್ಲಿನ ಮೇಲೆ ಪಾಚಿ. ಬಲಗಾಲು ಜಾರಿ, ನನ್ನ ಭಾರವೆಲ್ಲ ಅದರ ಮೇಲೇ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಏಳಲು ನೋಡಿದೆ, ಆಗಲಿಲ್ಲ.

ಅಲ್ಲಿಂದ ಹಿಂಬದಿಯ ಕೋಣೆಯ ಕಿಟಕಿ ಕಾಣುತ್ತದೆ. ಕಿಟಕಿ ತೆರೆದಿತ್ತು. ಒಳಗೆ ಇವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಭರ್ತಿಗೆ ಹೋಗುವಾಗ ಹಾಕಿಕೊಳ್ಳಲಿಕ್ಕೆಂದು ತೆಗೆದಿಟ್ಟ ಬಿಳಿ ಅಂಗಿ. ನನಗೆ ಅವರ ಬೆನ್ನು ಕಾಣುತ್ತಿತ್ತು. ಕರೆದರೆ ಕೇಳುವಷ್ಟು ಹತ್ತಿರ, ಕೇಳುವ ಕಿವಿ ಇದ್ದಿದ್ದರೆ.

ಕಲ್ಲು ತೆಗೆದುಕೊಂಡು ಬಾಲ್ದಿಗೆ ಬಡಿದೆ. ಬಡಿದೆ, ಬಡಿದೆ. ಅವರು ಕಾಲರಿಗೆ ಇಸ್ತ್ರಿ ಹಾಕಿ ಮುಗಿಸಿ ತೋಳಿಗೆ ಬಂದರು. ಡಾಕ್ಟರು ಹೇಳಿದ್ದೆಲ್ಲ ಮರೆತು ಬಾಯಿ ಬಿಟ್ಟು ಕೂಗಿದೆ. ಹೊರಟದ್ದು ಕೂಗಲ್ಲ, ಬಾಗಿಲು ಕಿರುಗುಟ್ಟಿದಂಥ ಒಂದು ಶಬ್ದ. ಮಳೆ ಮುಖದ ಮೇಲೆ ಹೊಡೆಯುತ್ತಿತ್ತು. ಆ ಬೆನ್ನನ್ನು ನೋಡುತ್ತಾ ಬಿದ್ದಿದ್ದಾಗ ನನಗೆ ನೋವಿಗಿಂತ ಹೆಚ್ಚು ಭಯವಾಯಿತು. ಈ ಮನುಷ್ಯ ತನ್ನ ಪಾಡಿಗೆ ತಾನು ಇಷ್ಟು ದೂರದಲ್ಲಿದ್ದಾನೆ, ನಾನು ದಿನಾ ಕೂಗುತ್ತಿದ್ದದ್ದರಿಂದ ಅದು ನನಗೆ ಗೊತ್ತೇ ಆಗಿರಲಿಲ್ಲ ಎಂದು.

ಕೊನೆಗೆ ಬಂದದ್ದು ಲಿಲ್ಲಿ ಬಾಯಿ. ನನ್ನನ್ನು ನೋಡಿ, ಕೊಡೆಯನ್ನು ಅಲ್ಲೇ ಬಿಸಾಡಿ, ಒಳಗೆ ಓಡಿ ಇವರ ಭುಜ ಹಿಡಿದು ಅಲುಗಾಡಿಸಿದರು. ಇವರು ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ಓಡಿ ಬಂದರು.

"ಎಷ್ಟು ಹೊತ್ತಾಯಿತು?" ಎಂದು ರಿಕ್ಷಾದಲ್ಲಿ ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಉತ್ತರ ಕೊಟ್ಟದ್ದು ಲಿಲ್ಲಿ ಬಾಯಿ, ರಿಕ್ಷಾದವನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.

"ಅರ್ಧ ಗಂಟೆ ಬಾಲ್ದಿ ಬಡಿದಿದ್ದಾಳೆ ಮಾರಾಯ್ರೆ! ನಮ್ಮ ನಾಯಿ ಹುಚ್ಚು ಹಿಡಿದ ಹಾಗೆ ಬೊಗಳಿದ್ದಕ್ಕೆ ನನಗೆ ಗೊತ್ತಾದದ್ದು. ನಾಯಿಗೆ ಕೇಳಿದ್ದು ನಿಮಗೆ ಕೇಳಲಿಲ್ಲವಾ?"

ಇವರು ನನ್ನ ಪಾದಕ್ಕೆ ಪ್ಲಾಸ್ಟರ್ ಹಾಕಿಸಿ ತಂದು ಮಂಚದ ಮೇಲೆ ಕೂರಿಸಿದರು. ಎರಡು ದಿನ ಅಡುಗೆ ಮಾಡಿದರು, ಓಡಲು ಹೋಗಲಿಲ್ಲ. ಮೂರನೆಯ ದಿನ ಎಲ್ಲಿಗೆ ಎಂದು ಹೇಳದೆ ಹೋದವರು ಮತ್ತೂ ಒಂದೆರಡು ಸಲ ಹಾಗೆಯೇ ಹೋಗಿಬಂದರು. ಒಂದು ಸಂಜೆ ಬಂದು ಜಗಲಿಯಲ್ಲಿ ನಿಂತು, ಮೇಲೆ ನೋಡಿ ಹುಬ್ಬು ಗಂಟಿಕ್ಕಿದರು.

"ಈ ಫ್ಯಾನು ಯಾವಾಗಿನಿಂದ ಹೀಗೆ ಕಿರುಚುವುದು?"

ಬಲಕಿವಿಯ ಹಿಂದೆ ಕಂದು ಬಣ್ಣದ ಸಣ್ಣ ಮೆಷಿನ್ ಇತ್ತು. ಆಮೇಲೆ ಒಂದು ವಾರ ನನಗೆ ಇನ್ನೊಂದು ಪೀಡೆ. ಕುಕ್ಕರಿಗೆ ಬೆಚ್ಚುವುದು, ಚಮಚ ಬಿದ್ದರೆ ಎದ್ದು ನಿಲ್ಲುವುದು. "ಸಮುದ್ರ ಇಷ್ಟು ಹತ್ತಿರ ಉಂಟಾ?" ಎಂದು ಮೂರು ವರ್ಷ ಅದೇ ಮನೆಯಲ್ಲಿ ಮಲಗಿದ ಮನುಷ್ಯ ಕೇಳಿದರು. ನಾನು ತಲೆಯಾಡಿಸಿದೆ. ಬಿದ್ದ ದಿನ ಕೂಗಿದ ತಪ್ಪಿಗೆ ಡಾಕ್ಟರು ನನ್ನ ಮೌನವನ್ನು ಮತ್ತಷ್ಟು ವಾರ ಬೆಳೆಸಿದ್ದರು.

ಇನ್ನು ಭರ್ತಿಯ ಹುಚ್ಚು ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುವುದು? ಸೆಪ್ಟೆಂಬರಿನಲ್ಲಿ ದಿನ ಗೊತ್ತಾಯಿತು, ಘಟ್ಟದ ಮೇಲಿನ ಊರಿನಲ್ಲಿ. ಇವರು ಬೇರೊಂದು ಅಂಗಿಗೆ ಇಸ್ತ್ರಿ ಹಾಕಲು ಕುಳಿತರು. ನಾನು ಹಾಳೆ ತೆಗೆದು ಬರೆದೆ: 'ಇನ್ನು ಎಂತಕ್ಕೆ?'

"ವಾಸುವಿಗೆ ಬರ್ತೇನೆ ಅಂದಿದ್ದೇನೆ," ಎಂದರು. ಅಂಗಿಯನ್ನು ತಿರುವಿ ಹಾಕಿ, "ಆಗುವುದಿಲ್ಲ ಅಂತ ನೀನು ಹೇಳಿದೆ, ಡಾಕ್ಟ್ರು ಹೇಳಿದರು, ಲಿಲ್ಲಿ ಬಾಯಿಯ ನಾಯಿಯೂ ಹೇಳಿತು. ಸೇನೆಯವರು ಒಂದು ಸಲ ಹೇಳಲಿ. ನನ್ನನ್ನು ತೆಗೆದುಕೊಂಡವರು ಅವರು."

'ಮೆಷಿನ್ ಹಾಕಿಕೊಂಡೇ ಹೋಗುವುದಾ?' ಎಂದು ಬರೆದೆ.

"ಮತ್ತೆ? ತೆಗೆದರೆ ಅವರು ಹೇಳುವುದು ನನಗೆ ಹೇಗೆ ಕೇಳುವುದು?"

ಇಂಥವರ ಜೊತೆ ಏನು ಮಾಡುವುದು? ವಾಸಣ್ಣನ ಜೊತೆ ಬಸ್ ಹತ್ತಿ ಹೋದರು. ಅವರು ಆ ಕಡೆ ಹೋದ ಮರುದಿನ ನಾನು ಮೇಘಾಳ ತೋಳು ಹಿಡಿದು ಕುಂಟುತ್ತಾ ಮಣಿಪಾಲಕ್ಕೆ ಹೋದೆ. ಡಾಕ್ಟರು ನೋಡಿ, ಗಂಟು ಕರಗಿದೆ, ಇನ್ನು ಸ್ವಲ್ಪ ಸ್ವಲ್ಪ ಮಾತಾಡಬಹುದು ಎಂದರು. "ಆದರೆ ಮೆಲ್ಲಗೆ. ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು ಮಾತ್ರ." ಹಿಂದೆ ಬರುವಾಗ ಬಸ್ಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಒಂದೂವರೆ ತಿಂಗಳಿನಿಂದ ಕೂಡಿಟ್ಟದ್ದು ಎಷ್ಟೊಂದು ಇತ್ತು. ಯಾವುದರಿಂದ ಶುರು ಮಾಡಲಿ ಎಂದೇ ತಿಳಿಯಲಿಲ್ಲ.

ಇವರು ಬಂದದ್ದು ಮತ್ತೊಂದು ದಿನ ಬಿಟ್ಟು, ಬೆಳಿಗ್ಗೆ. ಮಳೆ ಇರಲಿಲ್ಲ. ಜಗಲಿಯಲ್ಲಿ ಬೆನ್ನು ಹಾಕಿ ಕುಳಿತು ಶೂಸಿನ ಲೇಸು ಬಿಚ್ಚುತ್ತಾ ತಾವೇ ಹೇಳತೊಡಗಿದರು. ನಾನು ಒಳಬಾಗಿಲಲ್ಲಿ ಕೋಲು ಊರಿ ನಿಂತು ಕೇಳಿದೆ.

"ಓಟದಲ್ಲಿ ಮುಂದೆ ಬಂದವರಲ್ಲಿ ನಾನೂ ಒಬ್ಬ. ವಾಸುವನ್ನು ಕೇಳು ಬೇಕಾದರೆ. ಮತ್ತೆ ಮೆಡಿಕಲ್. ಡಾಕ್ಟ್ರು ಸರ್ದಾರ್ಜಿ, ಒಳ್ಳೆಯವರು. ಮೆಷಿನ್ ನೋಡಿಯೂ ಎಂತದೂ ಹೇಳಲಿಲ್ಲ. ತೆಗೆದಿಡಿ ಅಂದರು, ತೆಗೆದಿಟ್ಟೆ. ಗೋಡೆ ಕಡೆ ತಿರುಗಿ ನೆಟ್ಟಗೆ ನಿಂತೆ, ಪರೇಡಿನಲ್ಲಿ ಸಾವಧಾನ್ ಅಂದಾಗ ನಿಲ್ಲುವ ಹಾಗೆ. ನಿಂತೆ, ನಿಂತೆ. ಕಾಯ್ತಾ ಇದ್ದೇನೆ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ಕೊನೆಗೆ ಅವರೇ ಎದುರು ಬಂದು ನನ್ನ ಭುಜ ಮುಟ್ಟಿದರು. ಕೂತುಕೊಳ್ಳಿ ಹವಾಲ್ದಾರ್ ಸಾಹೇಬರೇ, ಕೂತುಕೊಳ್ಳಿ ಅಂತ ಆಗಿನಿಂದ ಹೇಳ್ತಾ ಇದ್ದರಂತೆ."

ನಗಲು ಹೋದರು. ನಗು ಅರ್ಧದಲ್ಲೇ ನಿಂತಿತು. ಒಂದು ಶೂಸನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತರು.

"ಪಿಂಚಣಿ ಬಿಟ್ಟುಕೊಡ್ತೇನೆ ಅಂತಲೂ ಹೇಳಿದೆ. ಕಿವಿ ನೀವು ಕೊಟ್ಟಾಗಿದೆ, ಇನ್ನು ಎಂತ ಬಿಟ್ಟುಕೊಡುವುದು ಅಂದರು. ಫಿಟ್ ಆದರೆ ಪಿಂಚಣಿ ಎಂತ ಆಗ್ತಿತ್ತು ಸಾಹೇಬರೇ ಅಂತ ಕೇಳಿದೆ. ಅವರಿಗೂ ಗೊತ್ತಿಲ್ಲವಂತೆ."

ಅದರ ಉತ್ತರ ನಮಗೆ ಇವತ್ತಿಗೂ ಗೊತ್ತಿಲ್ಲ. ಪಿಂಚಣಿ ಬರುತ್ತಾ ಇದೆ. ಭಾನುವಾರಗಳಂದು ಇವರು ಕಾರ್ಕಳದ ಅದೇ ಮೈದಾನದಲ್ಲಿ ಸೇನೆಗೆ ಹೋಗಬೇಕೆಂದಿರುವವರನ್ನು ಓಡಿಸುತ್ತಾರೆ, ಈಗಲೂ ಕೆಸರು ತರುತ್ತಾರೆ. ಆದರೆ ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ನನ್ನ ಕಣ್ಣ ಮುಂದೆ ಇದ್ದದ್ದು ಆ ಬೆನ್ನು. ಅದು ನೆಟ್ಟಗಿರಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಮೇಘಾ ತಂದಿಟ್ಟ ಲೋಟದಲ್ಲಿ ಹಬೆ ಕಡಿಮೆಯಾಗುತ್ತಿತ್ತು.

"ಚಾ ಆರ್ತಾ ಉಂಟು," ಎಂದೆ, ಹಿಂದಿನಿಂದ, ಡಾಕ್ಟರು ಹೇಳಿದಷ್ಟೇ ಮೆಲ್ಲಗೆ.

ಅವರು ಕೈ ಚಾಚಿ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಆಮೇಲೆ ಲೋಟ ಗಾಳಿಯಲ್ಲೇ ನಿಂತಿತು. ತಿರುಗಿ ನೋಡಿದರು.

"ಈಗ ಮಾತಾಡಿದ್ದು ನೀನಾ?"

"ಮತ್ತೆ ಯಾರು?"

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ತುಟಿಯನ್ನಲ್ಲ. "ಇದು ನಿನ್ನ ಸ್ವರವಾ?" ಎಂದರು. "ಮರೆತೇ ಹೋಗಿತ್ತು. ಇಷ್ಟು ವರ್ಷ ನಾನು ಎಣಿಸಿದ್ದು, ನೀನು ಯಾವಾಗಲೂ ನನ್ನ ಮೇಲೆ ಸಿಟ್ಟಲ್ಲೇ ಇರ್ತೀ ಅಂತ."

"ನಿಮಗೆ ಕೇಳಲಿ ಅಂತ ಕೂಗಿದ್ದು."

"ಹಾಗಾದರೆ ಸಿಟ್ಟು ಇರಲಿಲ್ಲವಾ?"

ಆ ದಿನಕ್ಕೆ ನನ್ನ ಪಾಲಿಗಿದ್ದದ್ದು ಕೆಲವೇ ಮಾತು. ಕೋಲು ಗೋಡೆಗೆ ಒರಗಿಸಿ, ಅವರ ಪಕ್ಕದಲ್ಲಿ ಕುಳಿತುಕೊಂಡೆ.

"ಇತ್ತು ಮಾರಾಯ್ರೆ," ಎಂದೆ. "ಈಗಲೂ ಉಂಟು. ಇನ್ನು ಮೆಲ್ಲಗೆ ಹೇಳ್ತೇನೆ, ಕೇಳಿಸಿಕೊಳ್ಳಿ."